ಹ್ಯಾಗಿಸ್ ಚೆನ್ನಾಗಿರುತ್ತಾ? ಯಾವುದು ಯಾರಿಗೆ ಒಗ್ಗುತ್ತದೆ, ಒಂದು ಹೋಲಿಕೆ

ಸ್ಕಾಟ್‌ಲೆಂಡಿನ ಎಡಿನ್‌ಬರೋಗೆ ಬರುವ ನಮ್ಮವರು, ಓದಲು ಬಂದ ಹುಡುಗರಿರಲಿ, ರಜೆಗೆ ಬಂದ ನೆಂಟರಿರಲಿ, ಬಂದ ಒಂದೆರಡು ದಿನದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. "ಈ ಹ್ಯಾಗಿಸ್ ಅನ್ನೋದು ಚೆನ್ನಾಗಿರುತ್ತಾ?" ನಾನು ತಿರುಗಿ ಕೇಳುವುದು ಒಂದೇ. ಯಾವ ಹ್ಯಾಗಿಸ್?

ಯಾಕೆ ಅಂದರೆ, ಈ ತಿಂಡಿಯ ಬಗ್ಗೆ ಜಗಳ ಆಡುವವರಲ್ಲಿ ಮುಕ್ಕಾಲು ಪಾಲು ಜನ ಬೇರೆ ಬೇರೆ ವಸ್ತು ತಿಂದು ಒಂದೇ ಹೆಸರಿನಲ್ಲಿ ಜಗಳ ಆಡುತ್ತಿರುತ್ತಾರೆ. ಹಾಸ್ಟೆಲ್ಲಿನಲ್ಲಿದ್ದ ನಮ್ಮ ಹುಡುಗನೊಬ್ಬ ಡಬ್ಬಿಯ ಹ್ಯಾಗಿಸ್ ತಂದು, ಮೈಕ್ರೋವೇವಿನಲ್ಲಿ ಬಿಸಿ ಮಾಡಿ, ಬೇರೇನೂ ಇಲ್ಲದೆ ಬ್ರೆಡ್ ಜೊತೆ ತಿಂದು, "ಅಕ್ಕ, ಇದು ತಿನ್ನೋಕಾಗಲ್ಲ, ಬರೀ ಕಬ್ಬಿಣದ ವಾಸನೆ" ಅಂತ ಫೋನ್ ಮಾಡಿದ್ದ. ಅದೇ ಹುಡುಗ ಜನವರಿಯಲ್ಲಿ ಕಾಲೇಜಿನ ಬರ್ನ್ಸ್ ಊಟಕ್ಕೆ (ಇಲ್ಲಿಯ ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನದ ಹಬ್ಬದೂಟ) ಹೋಗಿ ಎರಡನೇ ಸಲ ಬಡಿಸಿಕೊಂಡು ಬಂದ. ಅವನ ನಾಲಿಗೆ ಬದಲಾಗಲಿಲ್ಲ, ತಟ್ಟೆಯಲ್ಲಿದ್ದದ್ದು ಬದಲಾಗಿತ್ತು, ಅಷ್ಟೇ.

ಗೊತ್ತಿಲ್ಲದವರಿಗೆ ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶ ಮೂರನ್ನೂ ಬೇಯಿಸಿ ಸಣ್ಣಗೆ ಕೊಚ್ಚುತ್ತಾರೆ. ಅದಕ್ಕೆ ಓಟ್ಸ್ ನುಚ್ಚು, ಈರುಳ್ಳಿ, ಗಟ್ಟಿ ಕೊಬ್ಬು, ಉಪ್ಪು, ಕಾಳುಮೆಣಸು, ಅವು ಬೆಂದ ನೀರು ಸೇರಿಸಿ ಕಲಸುತ್ತಾರೆ. ಹಿಂದೆ ಇದನ್ನು ಕುರಿಯ ಹೊಟ್ಟೆಯ ಚೀಲಕ್ಕೆ ತುಂಬಿ ಹೊಲಿದು ಬೇಯಿಸುತ್ತಿದ್ದರು. ಈಗ ಹೆಚ್ಚಿನವು ಕೃತಕ ಚೀಲದಲ್ಲಿ ಬರುತ್ತವೆ. ಆ ಚೀಲವನ್ನು ತಿನ್ನಬೇಡಿ, ಸೀಳಿ ಒಳಗಿನದನ್ನು ಮಾತ್ರ ತೆಗೆಯಿರಿ. ಬಾಯಲ್ಲಿ ಹೇಗಿರುತ್ತದೆ ಅಂದರೆ, ಮೆಣಸು ಜಾಸ್ತಿ ಹಾಕಿದ ಖೀಮಾಗೆ ಬೆಂದ ಗೋಧಿ ನುಚ್ಚು ಬೆರೆಸಿದ ಹಾಗೆ. ಒಳ್ಳೆಯದಾದರೆ ಉದುರು ಉದುರಾಗಿ ಹದವಾದ ತೇವ ಇರುತ್ತದೆ. ಕೆಟ್ಟದ್ದಾದರೆ ಒಂದೋ ಜಿಡ್ಡು, ಇಲ್ಲ ಅಂಟು.

ಇದು ಸ್ಕಾಟ್‌ಲೆಂಡಿನದ್ದೇ ಅಂತ ಇಲ್ಲಿಯವರು ಎದೆ ತಟ್ಟಿ ಹೇಳುತ್ತಾರೆ. ಇಂಗ್ಲೆಂಡಿನಲ್ಲಿ 1615ರಲ್ಲೇ ಅಚ್ಚಾದ ಅಡುಗೆ ಪುಸ್ತಕವೊಂದರಲ್ಲೂ ಇದರ ಮಾತಿದೆ. ಆದರೆ ರಾಬರ್ಟ್ ಬರ್ನ್ಸ್ 1786ರಲ್ಲಿ ಹ್ಯಾಗಿಸ್‌ ಮೇಲೆ ಒಂದು ಪದ್ಯ ಬರೆದ ಮೇಲೆ ಇದು ಯಾರದ್ದು ಅನ್ನುವ ವಾದಕ್ಕೆ ಅರ್ಥವೇ ಉಳಿಯಲಿಲ್ಲ. ಅವನು ಹುಟ್ಟಿದ್ದು 1759ರ ಜನವರಿ 25. ಪ್ರತಿ ವರ್ಷ ಆ ದಿನ ಇಲ್ಲಿ ಬ್ಯಾಗ್‌ಪೈಪ್ ಊದುತ್ತಾ ಹ್ಯಾಗಿಸ್ಸನ್ನು ತಟ್ಟೆಯಲ್ಲಿ ಮೆರವಣಿಗೆ ಮಾಡಿ ತರುತ್ತಾರೆ, ಪದ್ಯ ಓದುತ್ತಾರೆ, ಕೊಯ್ಯುವ ಸಾಲು ಬಂದ ಕ್ಷಣಕ್ಕೆ ಸರಿಯಾಗಿ ಚಾಕು ಹಾಕುತ್ತಾರೆ. ಬಡವರ ಊಟವನ್ನು ಒಬ್ಬ ಕವಿ ಇಷ್ಟು ಎತ್ತರಕ್ಕೆ ಏರಿಸಿದ್ದು ನನಗೆ ತುಂಬಾ ಇಷ್ಟವಾದ ವಿಷಯ.

ರುಚಿ ಯಾಕೆ ಇಷ್ಟು ಬೇರೆ ಬೇರೆ

ಮೊದಲ ಕಾರಣ ಲಿವರ್. ಹ್ಯಾಗಿಸ್ ಇಷ್ಟ ಇಲ್ಲ ಅನ್ನುವವರನ್ನು ಬಿಡಿಸಿ ಕೇಳಿ, ಹೆಚ್ಚಿನವರು ದೂರುವುದು ಲಿವರಿನ ಆ ಕಹಿಮಿಶ್ರಿತ ಕಬ್ಬಿಣದ ರುಚಿಯನ್ನೇ. ಶ್ವಾಸಕೋಶದ್ದು ಹೆಸರು ಕೇಳಲು ಭಯ, ಆದರೆ ಅದಕ್ಕೆ ಸ್ವಂತ ರುಚಿ ಕಡಿಮೆ. ಅದು ಹ್ಯಾಗಿಸ್ಸನ್ನು ಹಗುರ ಮಾಡುತ್ತದೆ. ಗುಂಡಿಗೆ ಮಾಂಸದ ಹಾಗೇ ಇರುತ್ತದೆ. ಹಾಗಾಗಿ ಲಿವರ್ ಪಾಲು ಜಾಸ್ತಿ ಆದಷ್ಟೂ ರುಚಿ ಗಡುಸಾಗುತ್ತದೆ, ಬಣ್ಣವೂ ಕಪ್ಪಾಗುತ್ತದೆ. ನಮ್ಮ ಮಂಡ್ಯ ಕಡೆ ಬೋಟಿ ಗೊಜ್ಜು, ತಲೆಮಾಂಸ, ಲಿವರ್ ಫ್ರೈ ತಿಂದು ಬೆಳೆದವರಿಗೆ ಇದು ಹೊಸದೇನಲ್ಲ. ಅವರು ಮೊದಲ ತುತ್ತಿಗೇ ಒಪ್ಪಿಕೊಳ್ಳುವುದನ್ನು ನೋಡಿದ್ದೇನೆ. ಕೋಳಿಯ ಎದೆ ಭಾಗ ಬಿಟ್ಟು ಬೇರೇನೂ ಮುಟ್ಟದವರಿಗೆ ಮಾತ್ರ ಸ್ವಲ್ಪ ಕಷ್ಟ.

ಎರಡನೆಯದು ಓಟ್ಸ್. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನನ್ನ ಪ್ರಕಾರ ಒಳ್ಳೆಯ ಹ್ಯಾಗಿಸ್ಸಿಗೂ ಸುಮ್ನೆ ಹೊಟ್ಟೆ ತುಂಬುವ ಹ್ಯಾಗಿಸ್ಸಿಗೂ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಪಿನ್‌ಹೆಡ್ ಓಟ್ಸ್ ಅಂತ ಒಂದಿದೆ, ಇಡೀ ಕಾಳನ್ನು ಎರಡು ಮೂರು ತುಂಡು ಮಾಡಿದ್ದು. ಅದನ್ನು ಹಾಕಿದರೆ ಬೆಂದ ಮೇಲೂ ಹಲ್ಲಿಗೆ ಸಿಗುತ್ತದೆ, ಹುರಿದ ಕಾಳಿನ ಪರಿಮಳ ಇರುತ್ತದೆ. ನುಣ್ಣಗೆ ಬೀಸಿದ ಓಟ್ಸ್ ಹಾಕಿದರೆ ಎಲ್ಲ ಸೇರಿ ಮುದ್ದೆಯಾಗಿ ಬಿಡುತ್ತದೆ, ಆಗ ಲಿವರ್ ರುಚಿ ಒಂದೇ ನಾಲಿಗೆ ಮೇಲೆ ಉಳಿಯುತ್ತದೆ. "ಪೇಸ್ಟ್ ತಿಂದ ಹಾಗಿತ್ತು" ಅಂತ ಯಾರಾದರೂ ಹೇಳಿದರೆ ಅವರು ತಿಂದದ್ದು ಈ ಎರಡನೆಯದು.

ಮೂರನೆಯದು ಮಸಾಲೆ. ಸ್ಕಾಟ್‌ಲೆಂಡಿನ ಊಟ ಸಪ್ಪೆ ಅಂತ ನಮ್ಮವರು ಅಂದುಕೊಂಡಿರುತ್ತಾರೆ, ಹ್ಯಾಗಿಸ್ ಮಟ್ಟಿಗೆ ಅದು ತಪ್ಪು. ಕಾಳುಮೆಣಸು ಧಾರಾಳವಾಗಿ ಹಾಕುತ್ತಾರೆ, ಕರಿ ಮತ್ತು ಬಿಳಿ ಎರಡೂ. ಜೊತೆಗೆ ಕೆಲವರು ಜಾಯಿಕಾಯಿ, ಜಾಪತ್ರೆ, ಕೆಲವರು ಧನಿಯ, ಕೆಲವರು ಚೂರು ಕೆಂಪು ಮೆಣಸಿನಕಾಯಿ ಪುಡಿ. ಯಾವುದು ಎಷ್ಟು ಅನ್ನುವುದನ್ನು ಮಾಂಸದಂಗಡಿಯವರು ಯಾರಿಗೂ ಬಿಟ್ಟುಕೊಡುವುದಿಲ್ಲ, ಅಪ್ಪನಿಂದ ಮಗನಿಗೆ ಬಂದ ಗುಟ್ಟು ಅದು. ಹಾಗಾಗಿ ಪಕ್ಕಪಕ್ಕದ ಎರಡು ಊರಿನ ಹ್ಯಾಗಿಸ್ ಕೂಡ ಬೇರೆ ಬೇರೆ.

ಮಾಂಸದಂಗಡಿಯದೋ, ಸೂಪರ್‌ಮಾರ್ಕೆಟ್ಟಿನದೋ, ಡಬ್ಬಿಯದೋ

ಕೈಗೆ ಸಿಗುವ ಹಾಗಿದ್ದರೆ ಊರಿನ ಮಾಂಸದಂಗಡಿಯದನ್ನೇ ತನ್ನಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಅಲ್ಲಿ ನುಚ್ಚು ದಪ್ಪ ಇರುತ್ತದೆ, ಮೆಣಸು ಎದ್ದು ಕಾಣುತ್ತದೆ. ಕೇಳಿದರೆ ಲಿವರ್ ಜಾಸ್ತಿನಾ ಕಡಿಮೆನಾ, ಯಾವ ಕೊಬ್ಬು ಹಾಕಿದ್ದೀರಿ ಅಂತ ಬಾಯಿ ಬಿಟ್ಟು ಹೇಳುತ್ತಾರೆ. ಎಡಿನ್‌ಬರೋದ ಪೋರ್ಟೊಬೆಲ್ಲೊದಲ್ಲಿರುವ ಫಿಂಡ್ಲೇಸ್, ಉತ್ತರದಲ್ಲಿ ಡಿಂಗ್‌ವಾಲ್ ಊರಿನ ಕಾಕ್‌ಬರ್ನ್ಸ್, ಇಂಥ ಅಂಗಡಿಗಳಿಗೆ ಹ್ಯಾಗಿಸ್ಸಿನಿಂದಲೇ ಹೆಸರು. ನೀವಿರುವ ಊರಿನಲ್ಲೂ ಒಂದು ಇದ್ದೇ ಇರುತ್ತದೆ. ಹ್ಯಾಗಿಸ್ಸಿಗೆ ಸ್ಪರ್ಧೆಗಳೂ ನಡೆಯುತ್ತವೆ, ಗೆದ್ದವರು ಪ್ರಮಾಣಪತ್ರವನ್ನು ಕಿಟಕಿಯಲ್ಲೇ ಅಂಟಿಸಿರುತ್ತಾರೆ.

ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನ್ಯವಾಗಿ ಸಿಗುವ ಹೆಸರುಗಳು ಮ್ಯಾಕ್‌ಸ್ವೀನ್, ಸೈಮನ್ ಹೋವಿ, ಹಾಲ್ಸ್. ಮ್ಯಾಕ್‌ಸ್ವೀನ್ ಕೂಡ 1953ರಲ್ಲಿ ಎಡಿನ್‌ಬರೋದ ಬ್ರಂಟ್ಸ್‌ಫೀಲ್ಡಿನಲ್ಲಿ ಒಂದು ಮಾಂಸದಂಗಡಿಯಾಗಿ ಶುರುವಾದದ್ದು, ಈಗ ದೊಡ್ಡ ಕಾರ್ಖಾನೆ. ನನ್ನ ನಾಲಿಗೆಗೆ ಮ್ಯಾಕ್‌ಸ್ವೀನಿನದು ಸಮತೋಲದ್ದು, ಓಟ್ಸ್ ಬಿಡಿಬಿಡಿಯಾಗಿರುತ್ತದೆ, ಮೆಣಸು ನಿಧಾನಕ್ಕೆ ಏರುತ್ತದೆ. ಸೈಮನ್ ಹೋವಿಯದು ಸ್ವಲ್ಪ ಮೆತ್ತಗೆ, ಖಾರ ಕಡಿಮೆ ತಿನ್ನುವ ಮನೆಗೆ ಒಳ್ಳೆಯದು. ಇಲ್ಲಿಯವರಲ್ಲೇ ಇದನ್ನು ತಿರುಗಿಸಿ ಹೇಳುವವರೂ ಇದ್ದಾರೆ, ಅವರವರು ಚಿಕ್ಕಂದಿನಿಂದ ತಿಂದದ್ದೇ ಅವರಿಗೆ ಸರಿ.

ಡಬ್ಬಿಯದು ಕೊನೆಯ ಆಯ್ಕೆ. ಡಬ್ಬಿಯಲ್ಲಿ ಮುಚ್ಚಿ ಜೋರು ಶಾಖದಲ್ಲಿ ಬೇಯಿಸಬೇಕಾದ್ದರಿಂದ ಓಟ್ಸ್ ಕರಗಿ ಹೋಗಿರುತ್ತದೆ. ಗುಡ್ಡ ಹತ್ತಲು, ಟೆಂಟ್ ಹಾಕಲು ಹೋಗುವವರಿಗೆ ಅನುಕೂಲ, ಊರಿಗೆ ಹೋಗಿ ತೋರಿಸಲು ಒಯ್ಯುವವರಿಗೂ ಆಸೆ ಇರುತ್ತದೆ. ಆದರೆ ಜೀವನದ ಮೊದಲ ಹ್ಯಾಗಿಸ್ ಡಬ್ಬಿಯದಾಗಬಾರದು. ದಯವಿಟ್ಟು.

ನಮ್ಮವರು ಮೊದಲು ನೋಡಬೇಕಾದ್ದು ಪೊಟ್ಟಣದ ಹಿಂಭಾಗ

ಇದನ್ನು ಪ್ರವಾಸದ ಪುಸ್ತಕಗಳು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ಹ್ಯಾಗಿಸ್ ಅಂದರೆ ಕುರಿಯದ್ದು ಅಂತ ನಂಬಿ ಎಷ್ಟೋ ಜನ ಕೊಳ್ಳುತ್ತಾರೆ. ಗುಂಡಿಗೆ, ಲಿವರ್ ಕುರಿಯದ್ದೇ ಇದ್ದರೂ ಕೊಬ್ಬು ಬಹಳ ಸಲ ದನದ್ದು. ಅಗ್ಗದ ಕೆಲವದರಲ್ಲಿ ದನದ ಶ್ವಾಸಕೋಶ, ಹಂದಿಯ ಲಿವರ್ ಕೂಡ ಇರುತ್ತದೆ. ಹೊರಗಿನ ಚೀಲ ಕೆಲವೊಮ್ಮೆ ದನದ ಕರುಳಿನದ್ದು. ನಿಮಗೆ ಅಭ್ಯಂತರ ಇಲ್ಲದಿದ್ದರೆ ಸಂತೋಷ, ಇದ್ದರೆ ತಿನ್ನುವ ಮುಂಚೆಯೇ ಓದಿಕೊಳ್ಳಿ. ಹೋಟೆಲ್ಲಿನಲ್ಲಿ ನಾಚಿಕೆ ಪಡದೆ ಕೇಳಿ. ಅಲರ್ಜಿ, ಧರ್ಮ ಇವನ್ನೆಲ್ಲ ಇಲ್ಲಿಯವರು ದಿನಾ ಕೇಳಿಸಿಕೊಳ್ಳುತ್ತಾರೆ, ಯಾರೂ ಮುಖ ಸಿಂಡರಿಸುವುದಿಲ್ಲ. ಕುರಿಯ ಕೊಬ್ಬನ್ನೇ ಹಾಕುವ ಅಂಗಡಿಗಳಿವೆ. ಹಲಾಲ್ ಹ್ಯಾಗಿಸ್ ಮಾಡುವವರೂ ಇದ್ದಾರೆ.

ಇನ್ನೊಂದು ಮುಖ್ಯ ಮಾತು. ಗರ್ಭಿಣಿಯರು ಮಾಂಸದ ಹ್ಯಾಗಿಸ್ ತಿನ್ನಬಾರದು ಅಂತ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ. ಲಿವರಿನಲ್ಲಿ ವಿಟಮಿನ್ ಎ ತುಂಬಾ ಇರುತ್ತದೆ, ಅದು ಮಗುವಿಗೆ ಒಳ್ಳೆಯದಲ್ಲ. ಅಂಥವರಿಗೆ ಮುಂದಿನದು.

ಸಸ್ಯಾಹಾರಿ ಹ್ಯಾಗಿಸ್

ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆ ಅಂದರೆ ಕನ್ನಡದವರಲ್ಲಿ ಅರ್ಧಕ್ಕರ್ಧ ಜನ ಇದನ್ನೇ ಹುಡುಕುತ್ತಾ ಬರುತ್ತಾರೆ, ಮತ್ತು ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. 1984ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ಶುರುವಾದಾಗ ಅದರ ಸಮಾರಂಭಕ್ಕಾಗಿ ಜಾನ್ ಮ್ಯಾಕ್‌ಸ್ವೀನ್ ಮೊದಲ ಸಲ ಮಾಂಸ ಇಲ್ಲದ ಹ್ಯಾಗಿಸ್ ಮಾಡಿದರು. ಆಗ ಅದನ್ನು ಹುಚ್ಚುತನ ಅಂದವರಿದ್ದರು. ಈಗ ಅದು ಇಲ್ಲದ ಬರ್ನ್ಸ್ ಊಟವೇ ಅಪರೂಪ.

ಒಳಗೆ ಇರುವುದು ಓಟ್ಸ್, ರಾಜ್ಮಾ, ಬೇಳೆ, ಕ್ಯಾರೆಟ್, ಸ್ವೀಡ್ ಗಡ್ಡೆ (ಟರ್ನಿಪ್ ಜಾತಿಯ ಸಿಹಿ ಗಡ್ಡೆ), ಅಣಬೆ, ಕುಂಬಳ ಮತ್ತು ಸೂರ್ಯಕಾಂತಿ ಬೀಜ, ಈರುಳ್ಳಿ, ಎಣ್ಣೆಯ ಕೊಬ್ಬು, ಅದೇ ಕಾಳುಮೆಣಸು. ಮಾಂಸದ ರುಚಿ ನಕಲು ಮಾಡುವ ಪ್ರಯತ್ನವೇ ಇಲ್ಲ, ಅದೇ ಇದರ ಬಲ. ಮಾಂಸದ್ದಕ್ಕಿಂತ ಇದು ಕೊಂಚ ಸಿಹಿ. ಬೀಜಗಳು ಅಲ್ಲಲ್ಲಿ ಕಟುಂ ಅನ್ನುತ್ತವೆ. ಜಿಡ್ಡು ಕಡಿಮೆ. ಉಡುಪಿ ಕಡೆಯ ನನ್ನ ಗೆಳತಿ, ಮೊಟ್ಟೆಯನ್ನೂ ಮುಟ್ಟದವಳು, ಮೊದಲು ಇದನ್ನು ತಿಂದದ್ದು ನಮ್ಮ ಮನೆಯಲ್ಲಿ. ಈಗ ಅವಳ ಫ್ರಿಜ್ಜಿನಲ್ಲಿ ಇದೊಂದು ಯಾವಾಗಲೂ ಇರುತ್ತದೆ. ಮಾಂಸ ತಿನ್ನುವ ಸ್ಕಾಟಿಷ್ ಜನರಲ್ಲೂ ಇದೇ ಇಷ್ಟ ಅನ್ನುವವರು ಸುಮಾರು ಜನ ಇದ್ದಾರೆ. ಅದನ್ನು ಹ್ಯಾಗಿಸ್ ಅಂತ ಕರೆಯಬೇಡಿ ಅಂತ ಕೂಗಾಡುವವರೂ ಇದ್ದಾರೆ. ನನಗೆ ಆ ಕೂಗಾಟ ಸರಿ ಕಾಣುವುದಿಲ್ಲ. ಓಟ್ಸ್ ಮತ್ತು ಮೆಣಸು ಎರಡೂ ಇದರಲ್ಲಿವೆ, ಹ್ಯಾಗಿಸ್ಸಿನ ಜೀವ ಇರುವುದೇ ಆ ಎರಡರಲ್ಲಿ.

ಒಂದೇ ಕೊರತೆ. ಬೇಗ ಒಣಗುತ್ತದೆ. ಒಲೆಯಲ್ಲಿ ಮುಚ್ಚದೆ ಇಟ್ಟರೆ ಮೇಲ್ಭಾಗ ಹುಡಿ ಹುಡಿಯಾಗುತ್ತದೆ. ಬಡಿಸುವ ಮುಂಚೆ ಒಂದು ಚಮಚ ಬೆಣ್ಣೆ ಹಾಕಿ ಕೆದಕಿ. ಹೆಚ್ಚಿನ ಬ್ರ್ಯಾಂಡುಗಳಲ್ಲಿ ಹಾಲಿನ ಪದಾರ್ಥವೂ ಇರುವುದಿಲ್ಲ, ಹಾಗಾಗಿ ವೀಗನ್ ಆದವರು ಬೆಣ್ಣೆ ಬದಲು ಎಣ್ಣೆ ಹಾಕಿಕೊಳ್ಳಿ.

ಯಾವ ರೂಪದಲ್ಲಿ ತಿನ್ನುವುದು

ಇಡೀ ಗುಂಡು ಹ್ಯಾಗಿಸ್ಸನ್ನು ಬೇಯಿಸಿ, ಸ್ವೀಡ್ ಗಡ್ಡೆ ಮತ್ತು ಆಲೂಗಡ್ಡೆಯನ್ನು ಬೇರೆ ಬೇರೆ ಕಿವುಚಿ ಪಕ್ಕದಲ್ಲಿ ಬಡಿಸುವುದು ಸಂಪ್ರದಾಯ. ಅದನ್ನೇ ನೀಪ್ಸ್ ಮತ್ತು ಟ್ಯಾಟೀಸ್ ಅನ್ನುತ್ತಾರೆ. ಬರೀ ಹ್ಯಾಗಿಸ್ ತಿಂದು ತೀರ್ಪು ಕೊಡುವವರಿಗೆ ನಾನು ಹೇಳುವುದು ಇದನ್ನೇ: ಸ್ವೀಡ್ ಗಡ್ಡೆಯ ಸಿಹಿ ಇಲ್ಲದೆ ಆ ಮೆಣಸು, ಉಪ್ಪು, ಕೊಬ್ಬು ಬಾಯಲ್ಲಿ ಹದವಾಗಿ ಕೂರುವುದಿಲ್ಲ. ಮೂರನ್ನೂ ಒಂದೇ ಫೋರ್ಕಿಗೆ ತೆಗೆದುಕೊಳ್ಳಿ.

ಬೆಳಗಿನ ತಿಂಡಿಗೆ ಬಿಲ್ಲೆ ಮಾಡಿ ಹುರಿದದ್ದು ಇನ್ನೊಂದು ದಾರಿ. ಹೊಸಬರಿಗೆ ನಾನು ಹೇಳುವುದು ಇದನ್ನೇ. ಒಣ ಬಾಣಲೆ, ಮಧ್ಯಮ ಉರಿ, ಎಣ್ಣೆ ಬೇಡವೇ ಬೇಡ. ಬೆರಳು ದಪ್ಪದ ಬಿಲ್ಲೆ ಇಡಿ. ಒಂದೆರಡು ನಿಮಿಷಕ್ಕೆ ಅಂಚಿನಿಂದ ಕೊಬ್ಬು ಹನಿ ಹನಿಯಾಗಿ ಹೊರಗೆ ಬರುತ್ತದೆ, ಬಿಲ್ಲೆ ತನ್ನ ಕೊಬ್ಬಿನಲ್ಲೇ ಚುರುಗುಟ್ಟುತ್ತದೆ, ಕೆಳಗಿನ ಓಟ್ಸ್ ಕೆಂಪಗಾಗಿ ಗರಿ ಕಟ್ಟುತ್ತದೆ. ಆತುರಪಟ್ಟು ಮೊದಲೇ ಮಗುಚಿದರೆ ಪುಡಿಯಾಗುತ್ತದೆ. ಗರಿ ಕಟ್ಟಿದ ಮೇಲೆ ತಾನಾಗಿ ಬಾಣಲೆ ಬಿಡುತ್ತದೆ, ಆಗ ಮಗುಚಿ. ಲಿವರಿನ ವಾಸನೆ ಅನ್ನುವವರಿಗೆ ಈ ಹುರಿದ ಅಂಚಿನಲ್ಲಿ ಆ ವಾಸನೆ ಸಿಗುವುದೇ ಇಲ್ಲ. ಮೇಲೊಂದು ಮೊಟ್ಟೆ ಒಡೆದು ಹಾಕಿಕೊಂಡರೆ ಇನ್ನೇನು ಬೇಕು.

ಚಿಪ್ಸ್ ಅಂಗಡಿಗಳಲ್ಲಿ ಹಿಟ್ಟಿನಲ್ಲಿ ಅದ್ದಿ ಕರಿದು ಚಿಪ್ಸ್ ಜೊತೆ ಕೊಡುತ್ತಾರೆ, ಹ್ಯಾಗಿಸ್ ಸಪ್ಪರ್ ಅಂತ ಹೆಸರು. ಎಡಿನ್‌ಬರೋದಲ್ಲಿ ಮೇಲೆ ಉಪ್ಪು ಮತ್ತು ಕಂದು ಸಾಸ್, ಗ್ಲಾಸ್ಗೋದಲ್ಲಿ ಉಪ್ಪು ಮತ್ತು ವಿನೆಗರ್. ಈ ಎರಡು ಊರಿನ ಜಗಳಕ್ಕೆ ಕೊನೆ ಇಲ್ಲ. ನನ್ನ ಮತ ವಿನೆಗರಿಗೆ, ಅಷ್ಟು ಜಿಡ್ಡಿನ ಜೊತೆ ಹುಳಿ ಬೇಕೇ ಬೇಕು. ರಾತ್ರಿ ಚಳಿಯಲ್ಲಿ ನಡೆದು ಹೋಗುವಾಗ ಚೆಂದ, ಆದರೆ ಹ್ಯಾಗಿಸ್ ರುಚಿ ತಿಳಿಯಲು ಇದು ಜಾಗವಲ್ಲ. ಸಸ್ಯಾಹಾರಿಗಳಿಗೆ ಎಚ್ಚರಿಕೆ: ಅಲ್ಲಿ ಸಸ್ಯಾಹಾರಿ ಹ್ಯಾಗಿಸ್ ಇದ್ದರೂ ಕೆಲವು ಅಂಗಡಿಗಳು ಕರಿಯುವುದು ದನದ ಕೊಬ್ಬಿನಲ್ಲಿ. ಚಿಪ್ಸ್ ಕೂಡ ಅದರಲ್ಲೇ.

ಹ್ಯಾಗಿಸ್ ಪಕೋಡ ಗ್ಲಾಸ್ಗೋ ಕಡೆಯ ಭಾರತೀಯ, ಪಾಕಿಸ್ತಾನಿ ಹೋಟೆಲ್ಲುಗಳಲ್ಲಿ ಸಿಗುತ್ತದೆ. ಕಡಲೆಹಿಟ್ಟು, ಕೊತ್ತಂಬರಿ, ಹಸಿಮೆಣಸಿನಕಾಯಿ ಜೊತೆ ಹ್ಯಾಗಿಸ್ ಅಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಯಾರಾದರೂ ಮೊದಲೇ ಊಹಿಸಿದ್ದರೋ ಇಲ್ಲವೋ. ಮನೆಯಲ್ಲಿ ಅನುಮಾನ ಪಡುವವರಿದ್ದರೆ ಅವರಿಗೆ ಇದನ್ನೇ ಮೊದಲು ಕೊಡಿ. ಬಾಲ್ಮೋರಲ್ ಚಿಕನ್ ಅಂತ ಇನ್ನೊಂದಿದೆ, ಕೋಳಿ ಎದೆಯೊಳಗೆ ಹ್ಯಾಗಿಸ್ ತುಂಬಿ ಬೇಕನ್ (ಉಪ್ಪು ಹಾಕಿದ ಹಂದಿಮಾಂಸದ ಪಟ್ಟಿ) ಸುತ್ತಿದ್ದು. ನೋಡಲು ಭರ್ಜರಿ, ನನಗೆ ಅದರಲ್ಲಿ ಕೋಳಿ ಒಣಗಿದ ಹಾಗೆ ಅನಿಸುತ್ತದೆ. ಜಿಂಕೆ ಮಾಂಸದ ಹ್ಯಾಗಿಸ್ ಕೂಡ ಬರುತ್ತದೆ, ರುಚಿ ಇನ್ನೂ ಗಡುಸು, ಮೊದಲ ಸಲಕ್ಕೆ ಬೇಡ.

ಸಾಸ್ ವಿಷಯಕ್ಕೂ ವಾದ ಇದೆ. ವಿಸ್ಕಿ ಹಾಕಿದ ಕೆನೆ ಸಾಸ್ ಹೋಟೆಲ್ಲುಗಳಲ್ಲಿ ಮಾಮೂಲು. ಹಳಬರು ಅದನ್ನು ಒಪ್ಪುವುದಿಲ್ಲ, ಹ್ಯಾಗಿಸ್ ಸರಿಯಾಗಿದ್ದರೆ ಸಾಸ್ ಯಾಕೆ ಅನ್ನುತ್ತಾರೆ, ಬೇಕಿದ್ದರೆ ಒಂದು ಹನಿ ವಿಸ್ಕಿ ಮೇಲೆ ಸುರಿಯಿರಿ ಅನ್ನುತ್ತಾರೆ. ನಾನು ಹಳಬರ ಕಡೆ.

ಅಮೆರಿಕದಲ್ಲಿರುವ ನಮ್ಮವರಿಗೊಂದು ಮಾತು. ಅಲ್ಲಿ 1971ರಿಂದ ಪ್ರಾಣಿಯ ಶ್ವಾಸಕೋಶವನ್ನು ಮನುಷ್ಯರ ಆಹಾರಕ್ಕೆ ಬಳಸುವಂತಿಲ್ಲ. ಅದಕ್ಕೆ ಅಲ್ಲಿ ಸಿಗುವ ಹ್ಯಾಗಿಸ್ ಅದಿಲ್ಲದೆ ಮಾಡಿದ್ದು, ಕೊಂಚ ಭಾರ. ಕೆನಡಾಗೆ 2017ರಲ್ಲಿ ಮ್ಯಾಕ್‌ಸ್ವೀನ್ ಮತ್ತೆ ಕಳಿಸಲು ಶುರು ಮಾಡಿದಾಗಲೂ ಶ್ವಾಸಕೋಶದ ಬದಲು ಗುಂಡಿಗೆ ಹಾಕಿಯೇ ಕಳಿಸಿತು. ಅಲ್ಲಿ ತಿಂದು ಇಷ್ಟ ಆಗದಿದ್ದವರು ಇಲ್ಲಿಗೆ ಬಂದಾಗ ಇನ್ನೊಮ್ಮೆ ನೋಡಬೇಕು.

ಹಾಗಾದರೆ ನಿಮಗೆ ಯಾವುದು? ಬೋಟಿ, ಲಿವರ್ ತಿನ್ನುವವರು ನೇರವಾಗಿ ಮಾಂಸದಂಗಡಿಯ ಗುಂಡು ಹ್ಯಾಗಿಸ್ಸಿಗೆ ಹೋಗಿ, ಸುತ್ತುಬಳಸು ಬೇಡ. ಮಟನ್ ತಿನ್ನುತ್ತೇವೆ, ಒಳಭಾಗ ತಿಂದಿಲ್ಲ ಅನ್ನುವವರು ಹುರಿದ ಬಿಲ್ಲೆಯಿಂದ ಶುರು ಮಾಡಿ. ಹೆಸರು ಕೇಳಿದರೇ ಹೊಟ್ಟೆ ತೊಳಸುತ್ತದೆ ಅನ್ನುವವರು ಪಕೋಡ, ಅದೂ ಬೇಡವಾದರೆ ಸಸ್ಯಾಹಾರಿಯದು. ದನದ ಕೊಬ್ಬು ಬೇಡ ಅನ್ನುವವರಿಗೆ ಅಂಗಡಿಯಲ್ಲಿ ಕೇಳಿ ತರುವುದೊಂದೇ ದಾರಿ. ಗೋಧಿ ಒಗ್ಗದವರಿಗೆ ಗ್ಲುಟನ್ ಇಲ್ಲದ ಹ್ಯಾಗಿಸ್ ಬೇರೆಯೇ ಬರುತ್ತದೆ, ಮಾಮೂಲಿ ಓಟ್ಸಿನಲ್ಲಿ ಗೋಧಿ, ಬಾರ್ಲಿ ಬೆರೆತಿರಬಹುದು, ಹಾಗಾಗಿ ಅದನ್ನು ನೋಡಿಯೇ ಕೊಳ್ಳಿ.

ಬಿಸಿ ಮಾಡುವಾಗ ನೆನಪಿಡಿ, ಅಂಗಡಿಯಿಂದ ತಂದ ಹ್ಯಾಗಿಸ್ ಹೆಚ್ಚಾಗಿ ಮೊದಲೇ ಬೆಂದಿರುತ್ತದೆ. ಒಳಗಿನ ತನಕ ಹಬೆಯಾಡುವಷ್ಟು ಬಿಸಿಯಾದರೆ ಸಾಕು. ನೀರಿನಲ್ಲಿ ಹಾಕಿದರೆ ಕುದಿ ಜೋರಾಗಬಾರದು, ಚೀಲ ಒಡೆದು ಎಲ್ಲ ನೀರುಪಾಲು. ಫಾಯಿಲ್ ಸುತ್ತಿ, ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಓವನ್ನಿನಲ್ಲಿ ಇಡುವುದು ಸುಲಭ. ಅರ್ಧ ಕಿಲೋದ್ದಕ್ಕೆ ಒಂದು ಗಂಟೆಯ ಮೇಲೆ ಹಿಡಿಯುತ್ತದೆ, ಪೊಟ್ಟಣದ ಮೇಲೆ ಬರೆದಿರುತ್ತದೆ. ಮೈಕ್ರೋವೇವಾದರೆ ಚೀಲದಿಂದ ಬಿಡಿಸಿ, ಬಟ್ಟಲಿಗೆ ಹಾಕಿ, ನಡುನಡುವೆ ಕೆದಕಿ.

ಬರ್ನ್ಸ್ ರಾತ್ರಿಗೆ ಬೇಕಾದರೆ ಅಂಗಡಿಯಲ್ಲಿ ಒಂದು ವಾರ ಮುಂಚೆಯೇ ಹೇಳಿಡಿ, ಜನವರಿ 24ಕ್ಕೆ ಹೋದರೆ ಒಳ್ಳೆಯವು ಖಾಲಿಯಾಗಿರುತ್ತವೆ. ಉಳಿದದ್ದನ್ನು ಎಸೆಯಬೇಡಿ. ಮಾರನೇ ದಿನ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಬಾಣಲೆಯಲ್ಲಿ ಚೆನ್ನಾಗಿ ಬಾಡಿಸಿ, ಕೊನೆಗೆ ನಿಂಬೆರಸ ಹಿಂಡಿ, ಚಪಾತಿಯಲ್ಲಿ ಸುತ್ತಿಕೊಂಡು ತಿನ್ನಿ.